ನೀಲವ್ವ ನೋಡಿದ ಸುದ್ದಿಚಿತ್ರ

ರಾಮಥಾಳದ ನೀಲವ್ವನ ಮಗನನ್ನು ಹೂಳಲಿಲ್ಲ, ಸುಟ್ಟರು. ನಮ್ಮ ಕಾಕಾ ಅಲ್ಲೇ ಇದ್ದ. ಇವ ಲಿಂಗ ಕಟ್ಟಿದವ, ಇವನನ್ನು ಸುಡಬಾರದು, ಕೂರಿಸಿ ಹೂಳಬೇಕು ಎಂದು ಒಂದು ಮಾತು ಹೇಳಿದ್ದರೆ ಮಿಲಿಟರಿಯವರು ಕೇಳುತ್ತಿದ್ದರು. ಅವನು ಹೇಳಲಿಲ್ಲ. ಕ್ಯಾಮೆರಾ ನಡೆಸುತ್ತ ನಿಂತ. ಊರಿಗೆ ಬಂದು ಆ ಹೆಣ್ಣುಮಗಳ ಎದುರು ಕುಳಿತು ಹೂತೆವು ಎಂದ. ನಡೆದದ್ದು ಇಷ್ಟೇ. ಯುದ್ಧ ನೋಡಿ ಬಂದವ, ಮನಸ್ಸು ಕೆಟ್ಟಿತ್ತು, ಒಳ್ಳೆಯದಕ್ಕೇ ಹೇಳಿದ ಎಂದು ನಮ್ಮ ಮನೆಯವರು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಮನಸ್ಸು ಕೆಟ್ಟದ್ದು ಖರೆ. ಒಳ್ಳೆಯದಕ್ಕೆ ಎನ್ನುವುದು ಸುಳ್ಳು. ಆ ಗಳಿಗೆಯಲ್ಲಿ ಪಾರಾಗುವುದಕ್ಕೆ ಹೇಳಿದ.

ಕಾಕಾ ಎಂದರೆ ಅಪ್ಪನ ತಮ್ಮ ಈರಪ್ಪ. ಹುಡುಗನಿದ್ದಾಗ ಮಗ್ಗ ಬಿಟ್ಟು ಓಡಿಹೋಗಿ, ಬಾದಾಮಿಯಲ್ಲಿ ಗುಹೆ ನೋಡಲು ಬಂದವರ ಫೋಟೊ ತೆಗೆಯುತ್ತಿದ್ದ ಒಬ್ಬರ ಪೆಟ್ಟಿಗೆ ಹೊತ್ತ. ಅಲ್ಲಿಂದ ಮುಂಬಯಿಗೆ ಹೋಗಿ ಸರಕಾರದ ಸುದ್ದಿಚಿತ್ರ ತೆಗೆಯುವ ಕ್ಯಾಮೆರಾಮನ್ ಆದ. ಟಾಕೀಜಿನಲ್ಲಿ ಸಿನಿಮಾ ಶುರುವಾಗುವ ಮೊದಲು ಹತ್ತು ನಿಮಿಷ ತೋರಿಸುತ್ತಿದ್ದರಲ್ಲ, ಮಂತ್ರಿ ರಿಬ್ಬನ್ ಕತ್ತರಿಸುವುದು, ಅಣೆಕಟ್ಟಿನಿಂದ ನೀರು ಬಿಡುವುದು, ಅದೇ ಚಿತ್ರ. ಗಡಿಯಲ್ಲಿ ಯುದ್ಧ ಹತ್ತಿದಾಗ ಅವನನ್ನು ಅಲ್ಲಿಗೆ ಕಳಿಸಿದರು. ಮುಂದೆ ಇನ್ನೊಂದು ಯುದ್ಧಕ್ಕೂ ಹೋದ. ಹೆಸರು ಮಾಡಿದ, ಶಾಲು ಹೊದಿಸಿಕೊಂಡ, ಮುದುಕನಾಗಿ ಬಾಗಲಕೋಟೆಯ ದವಾಖಾನೆಯಲ್ಲಿ ಸತ್ತ. ನಾವು ಅವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಹೂತೆವು. ಅವನಿಗೆ ಎಲ್ಲ ಸರಿಯಾಗಿಯೇ ಆಯಿತು. ಈಗ ಟೀವಿಯಲ್ಲಿ ದಿನಾ ಎಲ್ಲಿಯದೋ ಯುದ್ಧ ಬರುತ್ತದೆ. ಮನೆಯವರು ಚಹಾ ಕುಡಿಯುತ್ತ ನೋಡುತ್ತಾರೆ. ನಾನು ಮಾತ್ರ ಕ್ಯಾಮೆರಾ ಹಿಡಿದು ನಿಂತವನ ಕಾಲು ಎಲ್ಲಿದೆ, ಅವನ ಪಕ್ಕದಲ್ಲಿ ಯಾರು ಬಿದ್ದಿದ್ದಾರೆ ಎಂದು ಯೋಚಿಸುತ್ತೇನೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಆ ಅಭ್ಯಾಸ ನನಗೆ ಹತ್ತಿದ್ದು ಕಾಕಾ ಮೊದಲ ಯುದ್ಧ ಮುಗಿಸಿ ಬಂದು ಮನೆಯಲ್ಲಿದ್ದ ಮೂರು ತಿಂಗಳಲ್ಲಿ. ಆಗ ನನಗೆ ಹತ್ತು ವರ್ಷ.

ಇಳಕಲ್ಲಿನ ನಮ್ಮ ಮನೆಯೊಳಗೆ ಕಾಲಿಟ್ಟರೆ ಮೊದಲು ಮಗ್ಗ, ಆಮೇಲೆ ಮನುಷ್ಯರು. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ ಕೂರುತ್ತಿದ್ದರು. ಬೆಳಗಿನಿಂದ ದೀಪ ಹಚ್ಚುವ ತನಕ ಖಟಪಟ ಖಟಪಟ. ಆ ಸಪ್ಪಳ ಇದ್ದಷ್ಟು ಹೊತ್ತು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ನಿಂತಾಗಲೇ ಕೇಳಿಸುತ್ತಿತ್ತು. ನಿಂತಿತೆಂದರೆ ಯಾರೋ ಸತ್ತಿದ್ದಾರೆ, ಇಲ್ಲ ಜಗಳ ಹತ್ತಿದೆ, ಇಲ್ಲ ಟೆಲಿಗ್ರಾಂ ಬಂದಿದೆ. ಮಗ್ಗದ ಹಿಂದೆ ನಡುಮನೆ, ಅದಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅಲ್ಲಿಂದ ಬೀಳುವ ಬಿಸಿಲಿನ ತುಂಡಿನಲ್ಲಿ ಕುಳಿತು ನಾನು ರಾಟಿ ತಿರುಗಿಸಿ ಲಾಳಿಗೆ ಹಾಕುವ ನೂಲು ಸುತ್ತುತ್ತಿದ್ದೆ. ಬಿಸಿಲು ಸರಿದ ಹಾಗೆ ನಾನೂ ಸರಿಯಬೇಕು. ಬಲಕ್ಕೆ ಅಡುಗೆಮನೆ, ಎಡಕ್ಕೆ ಪೂಜೆಯ ಕೋಣೆ. ಆ ಕೋಣೆಯಲ್ಲಿ ನಾಲ್ಕು ಮಣೆ, ಒಂದು ವಿಭೂತಿ ಗಟ್ಟಿ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ದೇವರು ನಮ್ಮ ಕೊರಳಲ್ಲೇ ಇರುವುದು. ಜಳಕ ಮಾಡಿ ಮಣೆಯ ಮೇಲೆ ಕುಳಿತು, ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಯಾರೂ ಒಂದು ತುತ್ತು ಬಾಯಿಗೆ ಹಾಕುವಂತಿರಲಿಲ್ಲ. ಆಯಿ, ಎಂದರೆ ಅಪ್ಪನ ಅವ್ವ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಒಬ್ಬೊಬ್ಬರ ಹಣೆ ನೋಡಿ ಒಳಗೆ ಬಿಡುತ್ತಿದ್ದಳು. ಹಣೆಯ ಮೇಲೆ ವಿಭೂತಿ ಇಲ್ಲದಿದ್ದರೆ ರೊಟ್ಟಿ ಇಲ್ಲ. ಜ್ವರ ಬಂದು ಮಲಗಿದ ನನ್ನನ್ನೂ ಎಬ್ಬಿಸಿ ಕೂರಿಸಿದವಳು ಅವಳು.

ಕಾಕಾ ಬಂದ ದಿನ ಎರಡೂ ಮಗ್ಗ ನಿಂತವು. ಅವ್ವ ಗೋಧಿ ಬೆಲ್ಲದ ಮಾದ್ಲಿ ಮಾಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಕಾಕಾ ಜಳಕ ಮಾಡಿ, ಪೂಜೆಯ ಕೋಣೆಯ ಕಡೆ ನೋಡದೆ, ನೆಟ್ಟಗೆ ಅಡುಗೆಮನೆಗೆ ನಡೆದ. ಹಣೆ ಬೋಳು. ನಾನು ಆಯಿಯ ಮುಖ ನೋಡಿದೆ, ಈಗ ತಡೆಯುತ್ತಾಳೆ ಎಂದು. ಅವಳು ಕಾಲು ಮಡಚಿಕೊಂಡು ಅವನಿಗೆ ದಾರಿ ಬಿಟ್ಟಳು. ಹಾಗೆ ಅವಳು ದಾರಿ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವನು ಉಣ್ಣುವಾಗ ಎಡಗೈಯನ್ನು ಮುಷ್ಟಿ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಅಪ್ಪ ಒಮ್ಮೆ ಬಾಯಿ ತೆಗೆದ.

"ಏನೋ ಈರ್ಯಾ, ಪೂಜಿ ಗೀಜಿ ಬಿಟ್ಟಿಯೇನ?"

"ನಾಳಿಂದ ಮಾಡ್ತೇನಣ್ಣ."

"ನಿನ್ನಿನೂ ಹಂಗ ಅಂದಿ."

"ಮಾಡ್ತೇನಿ ಅಂದ್ನೆಲ್ಲ!" ಎಂದು ಕಾಕಾ ತಾಟು ಸರಿಸಿ ಎದ್ದ.

ಇನ್ನೊಂದು ಸಂಗತಿ ಇತ್ತು. ಬೆಳಿಗ್ಗೆ ಎದ್ದವನೇ ಕಾಕಾ ಅಂಗಳಕ್ಕೆ ಹೋಗಿ ತಲೆಯೆತ್ತಿ ಆಕಾಶ ನೋಡುತ್ತಿದ್ದ. ಮೋಡ ಇದ್ದರೆ ಅವತ್ತು ನಗುತ್ತಿದ್ದ, ನನ್ನ ಜಡೆ ಎಳೆಯುತ್ತಿದ್ದ, ಅವ್ವನಿಗೆ ಮುಂಬಯಿಯ ಹೆಂಗಸರ ಮಾತು ಅಣಕಿಸಿ ತೋರಿಸುತ್ತಿದ್ದ. ಆಕಾಶ ತಿಳಿಯಾಗಿದ್ದರೆ ಮುಖ ಬೂದಿಯಾಗುತ್ತಿತ್ತು. "ಬೆಳಕ ಚಲೋ ಐತಿ," ಎಂದು ತನ್ನಷ್ಟಕ್ಕೆ ಹೇಳಿ, ಒಳಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದ. ಬೆಳಕು ಚಲೋ ಇದ್ದ ದಿನವೇ ಗಡಿಯಲ್ಲಿ ಬಾಂಬಿನ ವಿಮಾನ ಬರುತ್ತಿದ್ದವು, ಅದೇ ದಿನ ಇವನಿಗೂ ಚಿತ್ರ ಚೆನ್ನಾಗಿ ಬೀಳುತ್ತಿತ್ತು. ನಮ್ಮ ಇಳಕಲ್ಲಿನಲ್ಲಿ ಮೋಡ ಎಷ್ಟು ದಿನ ಇರುತ್ತದೆ? ವಾರಕ್ಕೆ ಆರು ದಿನ ಆ ಮನುಷ್ಯ ಗೋಡೆಗೆ ಬೆನ್ನು ಹಚ್ಚಿಯೇ ಕುಳಿತ. ಬೆಳಕಿಂಡಿಯ ಬಿಸಿಲು ಅವನ ಕಾಲಿನ ಹತ್ತಿರ ಬಂದರೆ ಕಾಲು ಎಳೆದುಕೊಳ್ಳುತ್ತಿದ್ದ. ಅದನ್ನು ನೋಡಿ ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ನಗಲಿಲ್ಲ.

ಇಲಾಖೆಯ ಕ್ಯಾಮೆರಾ ಮುಂಬಯಿಯಲ್ಲಿ ಒಪ್ಪಿಸಿ ಬಂದಿದ್ದ. ತನ್ನದೇ ಹಳೆಯದೊಂದು ಜೊತೆಗೆ ತಂದಿದ್ದ. ಒಂದು ಮೋಡದ ದಿನ ಅದನ್ನು ಬಿಚ್ಚಿ, ಅವ್ವ ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚುವ ಕುಂಚದಂಥದ್ದೇ ಒಂದು ಸಣ್ಣ ಕುಂಚದಿಂದ ಮರಳು ಜಾಡಿಸುತ್ತ ಕುಳಿತಿದ್ದ. ನಾನು ಹತ್ತಿರ ಹೋದೆ.

"ಇದರಾಗ ಕರೆಂಟಿಲ್ಲ, ಏನಿಲ್ಲ. ಗಡಿಯಾರದ ಹಂಗ ಕೀಲಿ ಕೊಡೂದು," ಎಂದು ತಿರುವಿ ತೋರಿಸಿದ. "ಪೂರ್ತಿ ಕೀಲಿ ಕೊಟ್ರ ಅರ್ಧ ನಿಮಿಷ ಓಡತೈತಿ. ಅಷ್ಟರಾಗ ಏನ ಸಿಕ್ತೋ ಅದ."

"ನಡುವ ನಿಲ್ಲಿಸಿದ್ರ?"

"ನಿಲ್ಲಸಬಾರದು. ಒಮ್ಮೆ ಕಣ್ಣ ಹಚ್ಚಿದ ಮ್ಯಾಲ ಕೀಲಿ ಮುಗಿಯೂತನಕ ತಗೀಬಾರದು. ಮಗ್ಗಲದಾಗ ಯಾರರ ಬಿದ್ರೂ ತಗೀಬಾರದು. ನನ್ನ ಉಸ್ತಾದ ಕಲಿಸಿದ ಮೊದಲನೇ ಪಾಠ ಅದು."

"ಬಿದ್ದಾವ್ರನ್ನ ಎತ್ತಬೇಕಲ್ಲ ಕಾಕಾ?"

"ಎತ್ತಾವ್ರು ಬ್ಯಾರೆ ಇರ್ತಾರ."

ಕೀಲಿ ಬಿಟ್ಟ. ಅದು ಜಿರ್ರೆಂದು ತಿರುಗಿತು. ನಾನು ಎಣಿಸಿದೆ. ಮೂವತ್ತು ಎನ್ನುವುದರೊಳಗೆ ನಿಂತಿತು. ಅಷ್ಟು ಹೊತ್ತೂ ಅವನು ಕಣ್ಣು ತೆಗೆಯಲಿಲ್ಲ, ಒಳಗೆ ಫಿಲ್ಮೂ ಇರಲಿಲ್ಲ.

ನೀಲವ್ವ ಬಂದದ್ದು ಅದಾದ ವಾರದೊಳಗೆ, ಒಂದು ಸೋಮವಾರ. ಹುನಗುಂದ ದಾಟಿ ರಾಮಥಾಳದಿಂದ ಬಸ್ಸಿಗೆ ಬಂದಿದ್ದಳು. ಕುಪ್ಪಸದ ತೋಳು ಮೊಣಕೈತನಕ, ಕಾಲಲ್ಲಿ ಚಪ್ಪಲಿ ಇಲ್ಲ. ಬಾಗಿಲಲ್ಲಿ ನಿಂತು, "ಕ್ಯಾಮೆರಾದ ಈರಪ್ಪನ ಮನಿ ಇದ ಏನ್ರಿ?" ಎಂದಳು. ಮೊದಲು ಅವ್ವನ ಮಗ್ಗ ನಿಂತಿತು, ಆಮೇಲೆ ಅಪ್ಪನದು. ಅವಳ ಮಗ ಸಂಗಪ್ಪ ಸಿಪಾಯಿ. ಸತ್ತನೆಂದು ಟೆಲಿಗ್ರಾಂ ಬಂದು ತಿಂಗಳಾಗಿತ್ತು. ಅವನ ಕೊನೆಯ ಕಾಗದದಲ್ಲಿ, ಇಲ್ಲಿ ಇಳಕಲ್ಲಿನ ಕ್ಯಾಮೆರಾದ ಅಣ್ಣ ಒಬ್ಬ ಸಿಕ್ಕಿದ್ದಾನೆ, ಅವನ ಹತ್ತಿರ ಶೇಂಗಾ ಚಟ್ನಿ ಇದೆ, ಇಬ್ಬರೂ ನಮ್ಮ ಕಡೆಯ ಮಾತು ಆಡುತ್ತೇವೆ ಎಂದು ಬರೆಸಿದ್ದ. ಅದನ್ನು ಹಿಡಿದು ಕೇಳುತ್ತ ಕೇಳುತ್ತ ನಮ್ಮ ಮನೆಗೆ ಬಂದಿದ್ದಳು. ಅವ್ವ ನೀರು ಕೊಟ್ಟಳು.

"ನೀರ ಆಮ್ಯಾಲ ಕುಡೀತೇನವಾ. ಮೊದಲ ಇವಗ ಒಂದ ಮಾತ ಕೇಳಬೇಕಾಗೇತಿ," ಎಂದು ನೀಲವ್ವ ಕಾಕಾನ ಎದುರು ನೆಲಕ್ಕೆ ಕುಳಿತಳು. "ಮಿಲಿಟರಿಯಿಂದ ಪೆಟಿಗಿ ಬಂತು ಯಪ್ಪಾ. ಅಂಗಿ ಬಂದ್ವು, ಬೂಟ ಬಂದ್ವು, ದಾಡಿ ಮಾಡೂ ಕನ್ನಡಿ ಬಂತು. ಲಿಂಗ ಬರಲಿಲ್ಲ. ಬರಲಿಲ್ಲಂದ್ರ ಅವನ ಕೈಯಾಗಿಟ್ಟ ಹೂತಾರ ಅಂತ ನಾ ತಿಳಕೊಂಡೇನಿ. ಖರೆ ಹೌದಲ್ಲೋ?"

ಕಾಕಾ ಬೆಳಕಿಂಡಿಯ ಕಡೆ ನೋಡಿದ. ಅವತ್ತು ಆಕಾಶ ತಿಳಿಯಾಗಿತ್ತು.

"ಹೌದವ್ವಾ," ಎಂದ.

"ಕುಂದ್ರಿಸಿ?"

"ಕುಂದ್ರಿಸಿ."

"ಎಡಗೈಯಾಗ?"

"ಎಡಗೈಯಾಗ. ನಾನ ಇಟ್ನಿ."

ಯಾರು ಇಟ್ಟರು ಎಂದು ಅವಳು ಕೇಳಿರಲಿಲ್ಲ. ಅದನ್ನು ಅವನೇ ಸೇರಿಸಿದ. ನೀಲವ್ವ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ನೀರು ಕುಡಿದಳು, ಗಟಗಟ ಎಂದು ಇಡೀ ತಂಬಿಗೆ. ನಮ್ಮ ಜನರಿಗೆ ಇದು ಸಣ್ಣ ಮಾತಲ್ಲ. ಸಾಯುವುದಕ್ಕೆ ನಾವು ಅಷ್ಟು ಹೆದರುವುದಿಲ್ಲ. ಕೈಯಲ್ಲಿ ಲಿಂಗ ಹಿಡಿದು, ಪೂಜೆಗೆ ಕುಳಿತ ಹಾಗೆ ಕುಳಿತು ಮಣ್ಣಿಗೆ ಹೋಗಬೇಕು. ಅದು ತಪ್ಪಿದರೆ ಬದುಕಿದ್ದೇ ಅರ್ಧಕ್ಕೆ ನಿಂತ ಹಾಗೆ. ಆ ತಾಯಿ ತಿಂಗಳಿನಿಂದ ಅದೊಂದಕ್ಕೇ ನಿದ್ದೆಗೆಟ್ಟಿದ್ದಳು. ಹೋಗುವಾಗ ಅವಳ ನಡೆಯೇ ಬೇರೆ ಆಗಿತ್ತು.

ಅಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ಸೋಮವಾರವೂ ಬಂದಳು, ಅದರ ಮುಂದಿನದೂ ಬಂದಳು. ಬರುವಾಗ ಜೋಳದ ಹಿಟ್ಟು, ಪುಂಡಿಸೊಪ್ಪು, ಹಸಿ ಕಡಲೆ ಗಿಡ, ಏನಾದರೂ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಬಂದು, "ಮತ್ತೊಮ್ಮೆ ಹೇಳೋ ತಮ್ಮಾ," ಎನ್ನುತ್ತಿದ್ದಳು. ಕಾಕಾ ಹೇಳುತ್ತಿದ್ದ. ಪ್ರತಿ ಸಲ ಅದು ಬೆಳೆಯುತ್ತಿತ್ತು. ಮೊದಲ ವಾರ ಕುಣಿ ತೋಡಿದವರು ಯಾರೆಂದು ಗೊತ್ತಿರಲಿಲ್ಲ. ಎರಡನೇ ವಾರ ಇಬ್ಬರು ಸಿಪಾಯಿಗಳು ಬಂದರು. ಮೂರನೇ ವಾರ ಒಬ್ಬ ಸಾಹೇಬ ಟೊಪ್ಪಿಗೆ ತೆಗೆದು ನಿಂತ. ಆಮೇಲೆ ಎಲ್ಲಿಂದಲೋ ವಿಭೂತಿ ಬಂತು, ಪತ್ರಿ ಬಂತು. ಯುದ್ಧದ ನಡುವೆ ಪತ್ರಿ ಗಿಡ ಎಲ್ಲಿಂದ ಬಂತೋ! ಹೇಳುವಾಗ ಅವನ ದನಿ ಚೆನ್ನಾಗಿರುತ್ತಿತ್ತು, ಕೇಳುತ್ತ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೀಲವ್ವನನ್ನು ಬಸ್ಸಿಗೆ ಹತ್ತಿಸಿ ಬರುವುದು ನನ್ನ ಕೆಲಸ. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ನಾನು ಹಿಂದಿರುಗಿ ಬರುವುದರೊಳಗೆ ಕಾಕಾ ಹಿತ್ತಲಿನಲ್ಲಿ ವಾಂತಿ ಮಾಡಿಕೊಂಡಿರುತ್ತಿದ್ದ. ಅದರ ಮೇಲೆ ಬೂದಿ ಹಾಕುವುದೂ ನನ್ನ ಕೆಲಸವೇ.

ಆಯಿ ಇದನ್ನೆಲ್ಲ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದಳು. ಒಂದು ದಿನ ಕಾಕಾ ಬಾಗಲಕೋಟೆಗೆ ಹೋಗಿದ್ದ. ಅಪ್ಪ ಅವ್ವ ಮಗ್ಗದಲ್ಲಿದ್ದರು. ಆಯಿ ನನ್ನನ್ನು ಪೂಜೆಯ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಅವಳ ತೊಡೆಯ ಮೇಲೆ ಕಾಕಾನ ವಹಿ. ಒಂದೊಂದು ರೀಲಿನಲ್ಲಿ ಏನೇನಿದೆ ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು ಡಬ್ಬಿಯ ಜೊತೆ ಮುಂಬಯಿಗೆ ಕಳಿಸಬೇಕಿತ್ತಂತೆ. ಅದನ್ನೇ ತನ್ನ ಗುರುತಿಗೆ ಕಾಕಾ ಈ ವಹಿಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಆಯಿಗೆ ಓದಲು ಬರುತ್ತಿರಲಿಲ್ಲ. ನಾನು ನಾಲ್ಕನೇ ಇಯತ್ತೆ.

"ಓದು. ಮೆಲ್ಲಕ ಓದು," ಎಂದಳು.

ಓದಿದೆ. ಟ್ರಕ್ಕು, ಸೇತುವೆ, ಒಡೆದ ಮನೆ. ಆರನೆಯ ರೀಲು: ಊಟದ ಸಾಲು, ಸಂಗಪ್ಪ ನಗುತ್ತಾನೆ. ಅದರ ಕೆಳಗೆ ಹೀಗಿತ್ತು. ಏಳನೆಯ ರೀಲು: ಚಿತೆ. ಎಂಟು ಮಂದಿ ಸಾಲಾಗಿ. ಬಲಗಡೆಯಿಂದ ಮೂರನೆಯವನು ಸಂಗಪ್ಪ. ಬಟ್ಟೆ ಹೊದಿಸುವಾಗ ಕೊರಳಲ್ಲಿ ಕರಡಿಗೆ ಕಂಡಿತು. ಕೀಲಿ ಮುಗಿಯುವುದರೊಳಗೆ ಬೆಂಕಿ ಇಟ್ಟರು. ಬೆಳಕು ಚಲೋ ಇತ್ತು.

"ಇನ್ನೊಮ್ಮೆ ಓದು," ಎಂದಳು ಆಯಿ.

ಇನ್ನೊಮ್ಮೆ ಓದಿದೆ. ಅವಳು ವಹಿ ಕಸಿದುಕೊಂಡಳು.

"ಓದಿದಾಕಿ ನೀ, ಕೇಳಿದಾಕಿ ನಾ. ಮೂರನೇದಾವ್ರಿಗೆ ಗೊತ್ತಾತಂದ್ರ ನಿನ್ನ ನಾಲಿಗಿ ಸುಡ್ತೇನಿ."

"ಆಯಿ, ಕಾಕಾ ಸುಳ್ಳ ಹೇಳ್ಯಾನ."

"ಹೇಳ್ಯಾನ. ಆಕಿ ಬದಕಬೇಕು, ಇಂವನೂ ಬದಕಬೇಕು. ನೀ ಬಾಯಿ ಮುಚಗೊಂಡಿ ಅಂದ್ರ ಇಬ್ರೂ ಬದಕತಾರ."

ಅಂದಿನಿಂದ ನೀಲವ್ವ ತಂದ ಹಿಟ್ಟಿನ ರೊಟ್ಟಿಯನ್ನು ಆಯಿ ಮುಟ್ಟಲಿಲ್ಲ. ಹಲ್ಲು ನೋವು ಎಂದು ನುಚ್ಚು ಮಜ್ಜಿಗೆ ಉಂಡಳು. ನಾನು ರೊಟ್ಟಿ ತಿನ್ನಲೇಬೇಕಿತ್ತು, ಬಿಟ್ಟರೆ ಅವ್ವ ಯಾಕೆ ಎಂದು ಕೇಳುತ್ತಿದ್ದಳು. ತಿಂದೆ. ಸೋಮವಾರ ಬಸ್ಸಿನ ತನಕ ನೀಲವ್ವನ ಜೊತೆ ನಡೆಯುವಾಗ ಅವಳು ನನ್ನ ತಲೆ ಸವರುತ್ತ, ನಿಮ್ಮ ಕಾಕಾ ದೇವರಂಥವ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಹೂಂ ಎಂದ ಮೇಲೆ ಬಾಯಲ್ಲಿ ಉಪ್ಪು ತುಂಬಿಕೊಂಡ ಹಾಗೆ ಆಗುತ್ತಿತ್ತು. ಒಂದು ಮನೆಯಲ್ಲಿ ಐದು ಮಂದಿ ಇದ್ದು ಇಬ್ಬರೊಳಗೆ ಮಾತ್ರ ಒಂದು ಮಾತು ಇದ್ದರೆ ಆ ಮನೆಯ ಗಾಳಿಯೇ ದಪ್ಪ ಆಗುತ್ತದೆ. ಬಾಗಿಲು ಬಡಿದರೂ ಸಾಕು, ಆಯಿಯೂ ನಾನೂ ಒಮ್ಮೆಲೇ ತಲೆಯೆತ್ತುತ್ತಿದ್ದೆವು.

ಹೀಗಿರುವಾಗ ಮುಂಬಯಿಯಿಂದ ಕಾಗದ ಬಂತು. ಕಾಕಾ ತೆಗೆದ ಯುದ್ಧದ ಚಿತ್ರ ಕತ್ತರಿಸಿ ಜೋಡಿಸಿ ಆಗಿದೆ, ಊರೂರಿಗೆ ಹೊರಟಿದೆ, ಬರುವ ವಾರ ಇಳಕಲ್ಲಿನ ಟಾಕೀಜಿಗೂ ಬರುತ್ತದೆ ಎಂದು. ಓಣಿಯೇ ನಮ್ಮ ಪಡಸಾಲೆಗೆ ಬಂತು. ಪಕ್ಕದ ಮನೆಯ ನೇಕಾರ ಮಲ್ಲಪ್ಪ ಮಗ್ಗದ ಕಂಬಕ್ಕೆ ಒರಗಿ ನಿಂತ.

"ಈರಪ್ಪ, ಪರದೆ ಮ್ಯಾಲ ನಿನ್ನ ಹೆಸರ ಬರತೈತೇನಲೇ?"

"ಕ್ಯಾಮೆರಾದ ಹಿಂದ ನಿಂತಾವನ ಹೆಸರ ಯಾರ ಕೇಳ್ತಾರೋ ಮಲ್ಲಪ್ಪಣ್ಣ."

"ಹಂಗಾರ ನಮ್ಮ ಮಗ್ಗನ ಚಲೋ ಬಿಡಪಾ. ನಾವು ನೇದ ಸೀರಿ ಹತ್ತ ವರ್ಷ ಉಡ್ತಾರ. ನೀ ನೇದದ್ದ ಹತ್ತ ನಿಮಿಷದಾಗ ಹರದ ಹೋಕ್ಕೈತಿ."

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಆ ನಗುವಿನಲ್ಲಿ ಅವನ ಹಲ್ಲು ಮಾತ್ರ ಕಂಡವು. ಯಾವ ತುಂಡು ಇಟ್ಟುಕೊಂಡಿದ್ದಾರೆ, ಯಾವುದು ಕತ್ತರಿಸಿ ಒಗೆದಿದ್ದಾರೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ತೆಗೆಯುವವ ಒಬ್ಬ, ಜೋಡಿಸುವವ ಇನ್ನೊಬ್ಬ. ಏಳನೆಯ ರೀಲು ಇರಬಹುದು, ಇರದಿರಬಹುದು. ಆ ವಾರ ಅವನು ಉಂಡದ್ದು ನನಗೆ ನೆನಪಿಲ್ಲ. ಸೋಮವಾರ ನೀಲವ್ವ ಬಂದಾಗ ಮಲ್ಲಪ್ಪನೇ ಬಾಗಿಲಲ್ಲಿ ಸುದ್ದಿ ಹೇಳಿಬಿಟ್ಟ. ಅವಳು ಒಳಗೆ ಓಡಿ ಬಂದಳು.

"ತಮ್ಮಾ, ಅದರಾಗ ನನ್ನ ಸಂಗ್ಯಾ ಕಾಣತಾನೇನೋ?"

"ಕಾಣಬಹುದವ್ವಾ. ಗೊತ್ತಿಲ್ಲ. ಬರೇ ಗುಂಡಿನ ಸಪ್ಪಳ ಇರತೈತಿ, ಬಾಂಬಿಂದು. ನಿನಗ ತಡಕೊಳ್ಳಾಕ ಆಗೂದಿಲ್ಲ."

"ನನ್ನ ಮಗಾ ಅದರಾಗ ನಿಂತಿದ್ನಪಾ. ನಾ ಕುಂತ ಕೇಳಾಕ ಏನ ಧಾಡಿ?"

ರವಿವಾರ ಮಧ್ಯಾಹ್ನದ ಆಟಕ್ಕೆ ಹೋದೆವು. ನಮ್ಮ ಟಾಕೀಜಿನಲ್ಲಿ ಆಗ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಎದೆಮಟ್ಟದ ಗೋಡೆ. ಅಪ್ಪ, ಕಾಕಾ, ಮಲ್ಲಪ್ಪ ಆ ಕಡೆ ಹೋದರು. ಈ ಕಡೆ ಗೋಡೆಗೆ ಹತ್ತಿ ಆಯಿ, ಆಮೇಲೆ ಅವ್ವ, ನಾನು, ನನ್ನ ಬಲಕ್ಕೆ ನೀಲವ್ವ. ಅವಳು ಹೊಸ ಸೀರೆ ಉಟ್ಟಿದ್ದಳು, ಹಣೆ ತುಂಬ ವಿಭೂತಿ. ದೀಪ ಆರಿತು. ಗೋಡೆಯ ಆಚೆ ಕಾಕಾ ಕೆಮ್ಮಿದ್ದು ಕೇಳಿಸಿತು.

ಟ್ರಕ್ಕು ಬಂದವು. ಸೇತುವೆ ಬಂತು. ಹಿಂದಿಯಲ್ಲಿ ಒಬ್ಬ ದೊಡ್ಡ ದನಿಯಿಂದ ಏನೋ ಹೇಳುತ್ತಿದ್ದ, ನಮ್ಮ ಹೆಂಗಸರಿಗೆ ಒಂದು ಮಾತೂ ತಿಳಿಯಲಿಲ್ಲ. ಒಡೆದ ಮನೆ, ಓಡುವ ನಾಯಿ. ಆಮೇಲೆ ಸಿಪಾಯಿಗಳು ಸಾಲಾಗಿ ಕುಳಿತು ಉಣ್ಣುವುದು. ಅದರಲ್ಲಿ ಒಬ್ಬ ತಾಟಿನಿಂದ ತಲೆಯೆತ್ತಿ, ನಮ್ಮನ್ನೇ ನೋಡಿ, ಬಾಯಿ ತುಂಬ ಅನ್ನ ಇಟ್ಟುಕೊಂಡು ನಕ್ಕ.

"ಯಪ್ಪಾ, ನನ್ನ ಸಂಗ್ಯಾ!" ನೀಲವ್ವ ಎದ್ದು ನಿಂತಳು. "ನೋಡ, ನೋಡವಾ, ಸೊರಗ್ಯಾನಲ್ಲ! ಅನ್ನ ಉಣ್ಣಾಕತ್ತಾನ, ರೊಟ್ಟಿ ಕೊಟ್ಟಿಲ್ಲ ಅವಗ!"

ಹಿಂದಿನವರು ಕುಂದರಬೇ ಮುದುಕಿ ಎಂದು ಕೂಗಿದರು. ಅವಳು ಕೂರುವುದರೊಳಗೆ ಅವನು ಹೋಗಿದ್ದ. ಪರದೆಯ ಮೇಲೆ ಬಯಲು. ದೂರದಲ್ಲಿ ಉದ್ದಕ್ಕೆ ಕಟ್ಟಿಗೆ ಒಟ್ಟಿದ್ದರು. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ ಸಾಲು. ಎಂಟು. ನಾನು ಎಣಿಸಲಿಲ್ಲ, ನನಗೆ ಗೊತ್ತಿತ್ತು. ಆಯಿಯ ಕೈ ಅವ್ವನನ್ನು ದಾಟಿ ಬಂದು ನನ್ನ ಮೊಣಕಾಲು ಹಿಡಿಯಿತು. ಸಿಪಾಯಿಯೊಬ್ಬ ಬಗ್ಗಿ ಬೆಂಕಿ ಇಟ್ಟ.

"ಅಯ್ಯ, ಯಾರ ಮಕ್ಕಳೋ, ಪಾಪ," ಎಂದಳು ನೀಲವ್ವ. ಪರದೆಗೆ ಕೈ ಮುಗಿದಳು. "ನನ್ನ ಮಗ ಪುಣ್ಯಾ ಮಾಡಿದ್ದ, ಕುಂತ ಹ್ವಾದ. ಇವರ ತಾಯಂದ್ರು ಎಲ್ಲಿ ಕುಂತ ಅಳಾಕತ್ತಾರೋ." ಮತ್ತೆ ನನ್ನ ಕಡೆ ತಿರುಗಿ, "ಕಾಶವ್ವಾ, ನೀ ಶಾಣ್ಯಾಕಿ, ಏನ ಹೇಳಾಕತ್ತಾನವಾ ಅಂವ? ಇವರು ಯಾರಂತ?"

ಧೈರ್ಯ, ಸತ್ಯ, ಅಂಥದ್ದೇನೂ ನನ್ನ ತಲೆಯಲ್ಲಿ ಇರಲಿಲ್ಲ. ಆಕೆ ತನ್ನ ಮಗನ ಬೆಂಕಿಗೆ ಕೈ ಮುಗಿದು ಬೇರೆಯವರ ಮಕ್ಕಳು ಎಂದಳು. ಅದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ಆಯಿಯ ಉಗುರು ಚರ್ಮದೊಳಗೆ ಇಳಿಯುತ್ತಿತ್ತು.

"ದೊಡ್ಡವ್ವ, ಅದರಾಗ ನಿನ್ನ ಮಗಾ ಅದಾನ," ಎಂದೆ. "ಬಲಗಡಿಂದ ಮೂರನೇದಾಂವ. ಕಾಕಾನ ವಹಿಯೊಳಗ ಬರದೈತಿ. ಹೂತಿಲ್ಲ. ಸುಟ್ಟಾರ."

ಅವಳು ನನ್ನನ್ನು ನೋಡಿದಳು. ಪರದೆಯ ಕಡೆ ತಿರುಗಿದಳು. ಅಲ್ಲಿ ಆಗಲೇ ಒಬ್ಬ ಮಂತ್ರಿ ಹೂಮಾಲೆ ಹಾಕಿಸಿಕೊಳ್ಳುತ್ತಿದ್ದ.

"ಹೋತೇನ?" ಎಂದಳು. "ನಾ ಮಂದಿ ಮಕ್ಕಳಂತ ಕೈ ಮುಗದ್ನಿ. ನನ್ನ ಮಗಗಂತ ಮುಗೀಲಿಲ್ಲ. ಮತ್ತೊಮ್ಮೆ ಹಾಕ್ರಿ ಅಂತ ಹೇಳ ಹೋಗು."

ನಾನು ಎದ್ದು ಬಾಗಿಲ ಹತ್ತಿರ ಟಿಕೀಟು ಹರಿಯುವವನ ಬಳಿ ಹೋಗಿ ಹೇಳಿದೆ. ಅವನು ನಕ್ಕ. "ಏ ಹುಡುಗಿ, ಸುದ್ದಿ ಯಾರ ಮತ್ತೊಮ್ಮೆ ನೋಡ್ತಾರ? ಹೋಗಿ ಕುಂದರು, ಹಾಡ ಬರತೈತಿ." ಹಾಡು ಬಂತು. ನೀಲವ್ವ ಇಡೀ ಸಿನಿಮಾ ಕುಳಿತಳು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು. ಮತ್ತೆ ಬರುತ್ತದೆ ಎಂದುಕೊಂಡಿದ್ದಳೋ ಏನೋ. ಅವ್ವ ನನ್ನ ಮುಖವನ್ನೂ ಆಯಿಯ ಮುಖವನ್ನೂ ಮತ್ತೆ ಮತ್ತೆ ನೋಡಿದಳು.

ಹೊರಗೆ ಬಂದಾಗ ಕಾಕಾ ಚುರುಮುರಿಯ ಪೊಟ್ಟಣ ಹಿಡಿದು ನಿಂತಿದ್ದ. ದೂರದಿಂದ ತೆಗೆದದ್ದು, ಮುಖ ಕಾಣಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ ಎಂದು ಅವನ ಮೈ ಹಗುರಾಗಿತ್ತು. ಮೂರು ತಿಂಗಳಲ್ಲಿ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ನೋಡಿದಿ ಏನವ್ವಾ, ಸಂಗಪ್ಪ ಹೆಂಗ ನಕ್ಕ?"

"ನೋಡಿದ್ನೆಪಾ," ಎಂದಳು ನೀಲವ್ವ. "ಬೆಂಕಿನೂ ನೋಡಿದ್ನಿ. ನೀ ಎಷ್ಟ ದೂರ ನಿಂತಿದ್ದಿ?"

ಕಾಕಾನ ಕೈಯಿಂದ ಪೊಟ್ಟಣ ಬೀಳಲಿಲ್ಲ, ಏನೂ ಆಗಲಿಲ್ಲ. ಸಿನಿಮಾದಲ್ಲಿ ಹಾಗೆಲ್ಲ ಆಗುತ್ತದೆ. ಅವನು ಉತ್ತರ ಹೇಳಿದ, ತನ್ನ ಕಸುಬಿನವರು ಕೇಳಿದಾಗ ಹೇಳುವ ಹಾಗೆ. "ಹತ್ತ ಮಾರ."

"ಹತ್ತ ಮಾರ," ಎಂದು ಅವಳು ಅಲ್ಲಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದೆ ಹೊರಟರೆ ಅವ್ವ ಜಡೆ ಹಿಡಿದು ಎಳೆದಳು.

ಮನೆಗೆ ಬಂದು ಅವ್ವ ನನಗೆ ಹೊಡೆದಳು. ಆಯಿ ಬಿಡಿಸಲಿಲ್ಲ. ಓದು ಬಂದದ್ದಕ್ಕೇ ಇಷ್ಟಾಯಿತು, ಇನ್ನು ಸಾಲಿ ಸಾಕು ಎಂದಳು ಅವ್ವ. ಅಲ್ಲಿಗೆ ನನ್ನ ಸಾಲಿ ಮುಗಿಯಿತು. ಆಯಿ ಕಾಕಾನ ಮುಂದೆ ಹೋಗಿ ನಿಂತಳು.

"ನಾಳೆ ರಾಮಥಾಳಕ್ಕ ಹೋಗು. ಆಕಿ ಕಾಲ ಹಿಡಿ."

"ಕಾಲ ಹಿಡದ ಏನ ಹೇಳ್ಲಿ?"

"ಖರೆ ಹೇಳು."

"ಖರೆ ಹುಡುಗಿ ಹೇಳ್ಯಾಳಲ್ಲ. ನನ್ನ ಕಡೆ ಏನ ಉಳದೈತಿ?" ಎಂದು ಅವನು ಟ್ರಂಕಿಗೆ ಬಟ್ಟೆ ತುಂಬತೊಡಗಿದ. ಅವನು ರಾಮಥಾಳಕ್ಕೆ ಹೋಗಲಿಲ್ಲ, ಆಗಲೂ ಇಲ್ಲ, ಸಾಯುವ ತನಕವೂ ಇಲ್ಲ. ಮುಂಬಯಿಗೆ ಹೋದ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು ನಾನು ಮೊದಲು ಟಾಕೀಜಿಗೆ ಹೋದೆ. ಕಸ ಗುಡಿಸುವ ಹೆಂಗಸು ಹೇಳಿದಳು, ಅದೇ ಸುದ್ದಿ ಗುರುವಾರದ ತನಕ ಇರುತ್ತದೆ, ಇವತ್ತಿನ ಆಟ ಸಂಜೆ ಆರಕ್ಕೆ ಎಂದು. ಅಲ್ಲಿಂದ ಹುನಗುಂದದ ಬಸ್ಸು ಹತ್ತಿ, ಯಾರದೋ ಸೆರಗಿನ ಪಕ್ಕ ಕುಳಿತು, ರಾಮಥಾಳಕ್ಕೆ ಕೇಳುತ್ತ ಕೇಳುತ್ತ ಹೋದೆ. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ದೊಡ್ಡವ್ವ, ಇವತ್ತ ಸಂಜೀಕೂ ಅದನ ಹಾಕ್ತಾರಂತ," ಎಂದೆ. "ಕೈ ಮುಗಿಯೂದಿತ್ತಂದ್ರ ನಡಿ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ ಕೇಳಿದಳು.

"ಬಲಗಡಿಂದ ಅಂದ್ರ ಯಾರ ಬಲಕ? ನೋಡಾವ್ರ ಬಲಕೋ, ಮಲಗಿದಾವ್ರ ಬಲಕೋ?"

ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು.

"ಗೊತ್ತಿಲ್ಲ ದೊಡ್ಡವ್ವ," ಎಂದೆ. "ಎರಡೂ ಕಡಿಂದ ಎಣಸೂಣು. ಇಬ್ರಿಗೂ ಕೈ ಮುಗಿ."

ಅವಳು ಹಂಚಿನ ರೊಟ್ಟಿ ತೆಗೆದು ನನ್ನ ಮುಂದೆ ಇಟ್ಟಳು. ನಾನು ತಿನ್ನತೊಡಗಿದೆ. ಅವಳು ಕೈ ತೊಳೆದುಕೊಂಡು ಸೀರೆ ಬದಲಿಸಲು ಒಳಗೆ ಹೋದಳು.